ಎಡಗೈಗೆ ತಿರುವಿ ತೊಡಿಸಿದ ಬಲಗೈ ಗವಸು

ಇವರಿಗೆ,
ತಾಲ್ಲೂಕು ಆಸ್ಪತ್ರೆಗಳ ಡ್ರೆಸ್ಸಿಂಗ್ ಕೊಠಡಿಗೆ ಹೊಸದಾಗಿ ನೇಮಕಗೊಂಡು ಬರುವ ಶುಶ್ರೂಷಾಧಿಕಾರಿಗಳಿಗೆ.

ವಿಷಯ: ಶಸ್ತ್ರಚಿಕಿತ್ಸೆಯ ನಂತರ ಗಾಯದ ಕಲೆ ಉಬ್ಬದಂತೆ ನೋಡಿಕೊಳ್ಳುವ ಕೆಲಸದಲ್ಲಿ ನನ್ನಿಂದಾದ ತಪ್ಪಿನ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಮೊದಲು ಕುದೂರಿನಲ್ಲಿ, ಆನಂತರ ಕನಕಪುರದಲ್ಲಿ, ಕಡೆಗೆ ರಾಮನಗರದಲ್ಲಿ ಶುಶ್ರೂಷಕಿಯಾಗಿ ಸೇವೆ ಸಲ್ಲಿಸಿ ನಿವೃತ್ತಳಾಗಿದ್ದೇನೆ. ಸೇವೆಯ ಹೆಚ್ಚಿನ ಭಾಗ ಡ್ರೆಸ್ಸಿಂಗ್ ಕೊಠಡಿಯಲ್ಲಿಯೇ ಕಳೆದಿದೆ. ನನಗೆ ಸಾಮಾನು ಬೇಡಿಕೆಯ ಇಂಡೆಂಟು, ರಜೆ ಅರ್ಜಿ ಮತ್ತು ಮೇಲಿನವರು ಕೇಳಿದ ಸಮಜಾಯಿಷಿ, ಇವುಗಳನ್ನು ಬಿಟ್ಟು ಬೇರೇನನ್ನೂ ಬರೆದು ಅಭ್ಯಾಸವಿಲ್ಲ. ಆದ್ದರಿಂದ ಇದನ್ನೂ ಅದೇ ಧಾಟಿಯಲ್ಲಿ ಬರೆಯುತ್ತಿದ್ದೇನೆ. ಲೋಪಗಳಿದ್ದಲ್ಲಿ ಮನ್ನಿಸಬೇಕೆಂದು ಕೋರುತ್ತೇನೆ. ಮುಖ್ಯ ಲೋಪವನ್ನು ಮನ್ನಿಸುವ ಅಧಿಕಾರ ತಮಗಿಲ್ಲವೆಂಬುದು ನನಗೆ ತಿಳಿದಿದೆ.

ನಾನು ಕೆಲಸಕ್ಕೆ ಸೇರಿದಾಗ ಕಲೆಯ ಬಗ್ಗೆ ಯಾರೂ ಮಾತನಾಡುತ್ತಿರಲಿಲ್ಲ. ಗಾಯ ಕೂಡಿತೇ, ಕೀವಿಲ್ಲವೇ, ಹೊಲಿಗೆ ಬಿಚ್ಚು, ನೇರಳೆ ಬಣ್ಣದ ಔಷಧ ಸವರು, ಕಳುಹಿಸು. ಕತ್ತರಿಯನ್ನು ಟ್ರೇಗೆ ಹಾಕಿದ ಸದ್ದಿಗೆ ನಮ್ಮ ಜವಾಬ್ದಾರಿ ಮುಗಿಯುತ್ತಿತ್ತು. ಗಾಯ ಮಾಯಿತೆಂದು ನಾವು ಕೈ ತೊಳೆದುಕೊಂಡ ಮೇಲೆಯೇ ಕಲೆ ತನ್ನ ಕೆಲಸ ಆರಂಭಿಸುತ್ತದೆ ಎಂಬುದನ್ನು ನನಗೆ ಕಲಿಸಿದವರು ಚಿಕ್ಕಣ್ಣ ಎಂಬ ಕುರಿ ಸಾಕುವ ಮನೆಯವರು.

ಕುದೂರಿನಲ್ಲಿದ್ದಾಗ ಅವರ ಎದೆಯ ಮೇಲಿದ್ದ ಸಣ್ಣ ಗಂಟೊಂದನ್ನು ತೆಗೆಯಲಾಯಿತು. ಕೆಲವು ತಿಂಗಳಲ್ಲಿ ಆ ಜಾಗದಲ್ಲಿ ಹುಣಸೆಬೀಜದಷ್ಟು ಗಟ್ಟಿ ಕಲೆ ಎದ್ದಿತು. ಅಂದಿನ ವೈದ್ಯರು ಅದನ್ನೂ ಕತ್ತರಿಸಿದರು. ಮರು ವರ್ಷ ಚಿಕ್ಕಣ್ಣ ವರಾಂಡದಲ್ಲಿಯೇ ಅಂಗಿಯ ಗುಂಡಿ ಬಿಚ್ಚಿ ನಿಂತರು. ಕಲೆ ಬೆರಳುದ್ದ ಬೆಳೆದಿತ್ತು.

"ನೋಡ್ರವ್ವ, ಹಿಪ್ನೇರ್ಳೆ ಕಡ್ಡಿ ಸವರ್ದಂಗಾಯ್ತು. ಸವರ್ದಷ್ಟೂ ಎಚ್ಚಿಗೆ ಚಿಗುರ್ತಾ ಐತೆ."

"ಇನ್ನೊಂದು ಸಲ ಡಾಕ್ಟರಿಗೆ ತೋರಿಸಿ" ಎಂದೆ.

"ಬ್ಯಾಡ ಕಣವ್ವ. ಇನ್ನೊಂದ್ ದಪ ಕುಯ್ದ್ರೆ ಎದೆ ಮ್ಯಾಲೆ ಸಾವನದುರ್ಗದ್ ಬೆಟ್ಟನೇ ಎದ್ದೇಳ್ತದೆ. ನೀವೆಲ್ಲ ಪೂಜೆಗೆ ಬರ್ಬೇಕಾಯ್ತದೆ."

ಎಲ್ಲರೂ ನಕ್ಕರು. ನಾನು ಅವರ ಕಿವಿಯನ್ನು ನೋಡುತ್ತಿದ್ದೆ. ಚಿಕ್ಕಂದಿನಲ್ಲಿ ಒಂಟಿ ಚುಚ್ಚಿಸಿದ್ದ ಜಾಗದಲ್ಲಿ ಕಡಲೆಕಾಳಿನಂಥ ಗಂಟಿತ್ತು. ಮೊದಲ ಶಸ್ತ್ರಚಿಕಿತ್ಸೆಗೆ ಅವರನ್ನು ಸಿದ್ಧಪಡಿಸಿದವಳು ನಾನೇ. ಆ ಗಂಟನ್ನು ಅಂದೂ ನೋಡಿದ್ದೆ. ನೋಡಿದ್ದನ್ನು ವೈದ್ಯರಿಗೆ ತಿಳಿಸಲಿಲ್ಲ, ಏಕೆಂದರೆ ಕಿವಿಗೂ ಎದೆಗೂ ಸಂಬಂಧ ಕಲ್ಪಿಸಿದರೆ ನಗುತ್ತಾರೆಂಬ ಭಯವಿತ್ತು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಯ ಕಿವಿಯನ್ನೂ ತೋಳಿನ ಲಸಿಕೆ ಗುರುತನ್ನೂ ನೋಡಿ, ಮನೆಯಲ್ಲಿ ಬೇರೆಯವರಿಗೂ ಹೀಗೆ ಕಲೆ ಉಬ್ಬುತ್ತದೆಯೇ ಎಂದು ಕೇಳಿ, ಕೇಸ್ ಶೀಟಿನಲ್ಲಿ ಬರೆಯತಕ್ಕದ್ದು. ನಗುವವರು ನಗಲಿ.

ಕನಕಪುರದಲ್ಲಿ ಒಬ್ಬ ವಯಸ್ಸಾದ ಶಸ್ತ್ರವೈದ್ಯರಿದ್ದರು. ಹೊಲಿಗೆ ಬಿಚ್ಚಿದ ದಿನದಿಂದ ಅವರ ಪಾಠ ಶುರುವಾಗುತ್ತಿತ್ತು. ಚರ್ಮವು ಗಾಯವನ್ನು ಎರಡೂ ಕಡೆಯಿಂದ ಎಳೆಯದಂತೆ ಕಾಗದದ ಟೇಪು ಅಂಟಿಸುವುದು; ಪೂರ್ತಿ ಮಾಯ್ದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ, ಕಲೆಯ ಕೆಂಪು ಇಳಿದು ಬಿಳುಪಾಗುವಷ್ಟು ಹೆಬ್ಬೆರಳಿನಿಂದ ಒತ್ತುವುದು; ಬಿಸಿಲು ತಾಗಿಸದಿರುವುದು. ನವೆ, ಕಡಿತ ಜಾಸ್ತಿಯಾದರೆ ಕಲೆ ಇನ್ನೂ ಜೀವಂತವಾಗಿದೆಯೆಂದು ತಿಳಿಯಬೇಕು. ಸುಟ್ಟ ಗಾಯಕ್ಕೆ ಚರ್ಮ ಕಸಿ ಮಾಡಿದ್ದರೆ, ವರ್ಷವಾದರೂ ಸರಿ, ಹಗಲೂ ರಾತ್ರಿ ಬಿಗಿ ಗವಸಿನ ಒತ್ತಡ ಬೇಕು.

"ಸಿಸ್ಟರ್, ಒತ್ತಡ ಎಲ್ಲ ಕಡೆ ಸಮನಾಗಿರಬೇಕು" ಎಂದು ಅವರು ಪ್ರತಿ ಬಾರಿಯೂ ಹೇಳುತ್ತಿದ್ದರು. ಒಂದು ವರ್ಷ ತುಂಬುವ ಮೊದಲೇ ಅವರಿಗೆ ವರ್ಗವಾಯಿತು. ಅವರು ಹೋದ ಮೇಲೆ ಒತ್ತಡ ಎಂಬ ಮಾತು ನನ್ನಲ್ಲಿ ಉಳಿಯಿತು, ಸಮ ಎಂಬ ಮಾತು ಉಳಿಯಲಿಲ್ಲ.

ರಾಮನಗರಕ್ಕೆ ಬಂದಾಗ ನಾನು ಗದರುವ ಸಿಸ್ಟರ್ ಎಂದೇ ಹೆಸರಾದೆ. ಅದಕ್ಕೆ ಕಾರಣವೂ ಇತ್ತು. ಗವಸು ಕೊಟ್ಟರೆ ಯಾರೂ ಹಾಕುತ್ತಿರಲಿಲ್ಲ. ಸೆಕೆ, ಕಡಿತ, ನೆಂಟರ ಮನೆ ಮದುವೆ, ಒಂದೊಂದು ಸಲಕ್ಕೆ ಒಂದೊಂದು ಸಬೂಬು. "ಗ್ಲೌಸ್ ಆಕ್ಕಂಡ್ ಮುದ್ದೆ ತೊಳ್ಸಿ ನೋಡಿ ನೀವು, ಆಮ್ಯಾಕೆ ನಮಗೆ ಯೋಳ್ರಿ" ಎಂದು ಒಬ್ಬಾಕೆ ನನ್ನ ಮೇಜಿನ ಮೇಲೆಯೇ ಗವಸು ಎಸೆದು ಹೋಗಿದ್ದಳು. ಆರು ತಿಂಗಳ ನಂತರ ಅವಳು ಮಡಚಿದ ಕೈಯೊಂದಿಗೆ ಬಂದಳು. ಅಂಥ ಕೈಗಳನ್ನು ನೋಡಿ ನೋಡಿ, ಗವಸು ಸರಿಯಿಲ್ಲ ಎನ್ನುವ ಪ್ರತಿಯೊಬ್ಬರೂ ಸುಳ್ಳು ಹೇಳುತ್ತಾರೆಂಬ ತೀರ್ಮಾನಕ್ಕೆ ನಾನು ಬಂದಿದ್ದೆ.

ಈ ತೀರ್ಮಾನದಲ್ಲಿ ನಾನಿದ್ದಾಗ ಭಾಗ್ಯಮ್ಮ ಬಂದಳು.

ಆಕೆ ಮಾಗಡಿ ರಸ್ತೆಯ ಒಂದು ಹಳ್ಳಿಯ ಬೇಸಾಯದ ಮನೆಯವಳು. ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆಯೊಂದಕ್ಕೆ ಕೆಲಸಕ್ಕೆ ಬರುತ್ತಿದ್ದಳು. ಒದ್ದೆ ನೆಲದಲ್ಲಿ ಜಾರಿ, ಗೂಡು ಬೇಯುತ್ತಿದ್ದ ಕುದಿನೀರಿಗೆ ಎಡಗೈ ಊರಿದ್ದಳು. ಮನೆಮದ್ದಿನಲ್ಲಿ ಮಾಯ್ದ ಕೈಯಲ್ಲಿ ಉಂಗುರ ಬೆರಳೂ ಕಿರುಬೆರಳೂ ಅಂಗೈಗೆ ಅಂಟಿಕೊಂಡಿದ್ದವು. ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ತೊಡೆಯ ಚರ್ಮ ತೆಗೆದು ಹಾಕಿ, ಬೆರಳು ಬಿಡಿಸಿ, ಅಳತೆ ತೆಗೆದು ಹೊಲಿದ ಗವಸೊಂದನ್ನು ತೊಡಿಸಿ, ಮುಂದಿನ ಆರೈಕೆಗೆ ನಮ್ಮಲ್ಲಿಗೆ ಕಳುಹಿಸಿದ್ದರು.

ನೂಲು ಬಿಚ್ಚುವವರು ಬೆಂದ ಗೂಡುಗಳ ಎಳೆಗಳ ಗೊಂಚಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಒಂದೊಂದೇ ಎಳೆ ಹೆಕ್ಕಿ ಯಂತ್ರಕ್ಕೆ ಕೊಡಬೇಕು. ಆಕೆ ಅದನ್ನು ತನ್ನದೇ ರೀತಿಯಲ್ಲಿ ಹೇಳಿದಳು.

"ಸಿಸ್ಟ್ರಮ್ಮ, ಈ ಎಲ್ಡ್ ಬೆಳ್ಳು ಇದ್ರೆ ನಾನು ನೂಲು ಬಿಚ್ಚೋಳು. ಇಲ್ದಿದ್ರೆ ಮೂಲೇಲಿ ಮುದ್ಕೀರ್ ಜೊತೆ ಕುಂತು ಗೂಡು ಆರ್ಸೋಳು. ಅಷ್ಟೇ ಯತ್ವಾಸ."

"ಒಂದು ವರ್ಷ ನಾನು ಹೇಳಿದ ಹಾಗೆ ಕೇಳ್ತೀಯಾ?"

"ನಮ್ಮತ್ತೆ ಮಾತ್ನೇ ಅತ್ತು ವರ್ಸದಿಂದ ಕೇಳಿವ್ನಿ. ನಿಮ್ದು ಒಂದ್ ವರ್ಸ ಕೇಳಕ್ಕೇನು ದಾಡಿ?"

ಕೇಳಿದಳು. ಅಷ್ಟು ನಿಷ್ಠೆಯಿಂದ ಹೇಳಿದ್ದನ್ನು ಪಾಲಿಸಿದ ರೋಗಿಯನ್ನು ನನ್ನ ಸೇವೆಯಲ್ಲಿ ಕಂಡಿಲ್ಲ. ಸ್ನಾನಕ್ಕೆ ಮತ್ತು ಎಣ್ಣೆಗೆ ಮಾತ್ರ ಗವಸು ಬಿಚ್ಚುತ್ತಿದ್ದಳು. ರಾತ್ರಿ ಬೆರಳು ಮಡಚದಂತೆ ಪಟ್ಟಿ ಕಟ್ಟಿ ಮಲಗುತ್ತಿದ್ದಳು. ಎರಡು ಮೂರು ತಿಂಗಳಲ್ಲಿ ಕಲೆ ಮೆತ್ತಗಾಯಿತು, ಬೆರಳು ನೆಟ್ಟಗೆ ನಿಂತವು. ಒಂದು ದಿನ ಮನೆಯಿಂದ ದಾರದ ಗೊಂಚಲು ತಂದು, ನನ್ನೆದುರೇ ಎಡಗೈಯಲ್ಲಿ ಹಿಡಿದು ತೋರಿಸಿದಳು. ಒಂದು ಎಳೆಯೂ ಜಾರಲಿಲ್ಲ.

ಅಷ್ಟರಲ್ಲಿ ಗವಸು ಸಡಿಲವಾಯಿತು. ಎಂಥ ಗವಸೂ ಎರಡು ಮೂರು ತಿಂಗಳಿಗೆ ಹಿಡಿತ ಕಳೆದುಕೊಳ್ಳುತ್ತದೆ, ಹೊಸದು ಬೇಕಾಗುತ್ತದೆ. ಬೆಂಗಳೂರಿಗೆ ಅಳತೆಗೊಮ್ಮೆ, ತರಲೊಮ್ಮೆ ಅಲೆಯಬೇಕಿತ್ತು. "ಇಲ್ಲೇ ಸಿಕ್ಕಂಗ್ ಮಾಡಿ ಸಿಸ್ಟ್ರಮ್ಮ" ಎಂದಳು. ಸರ್ಕಾರದಿಂದ ತರಿಸುತ್ತೇನೆಂದು ಭರವಸೆ ಕೊಟ್ಟು, ಇಂಡೆಂಟು ಬರೆದೆ. ನಮೂನೆಯಲ್ಲಿ ಸಂಖ್ಯೆಗೆ ಕಲಂ ಇತ್ತು, ಅಳತೆಗೆ ಇತ್ತು, ಎಡವೋ ಬಲವೋ ಎಂಬುದಕ್ಕೆ ಇರಲಿಲ್ಲ. ಗವಸೆಂದ ಮೇಲೆ ಜೋಡಿಯಾಗಿಯೇ ಬರುತ್ತದೆಂದು ತಿಳಿದು ನಾನೂ ಬರೆಯಲಿಲ್ಲ.

ಜಿಲ್ಲಾ ಉಗ್ರಾಣದಿಂದ ಒಂದು ಪೆಟ್ಟಿಗೆ ಬಂದಿತು. ಒಂದೇ ಅಳತೆ. ಎಲ್ಲವೂ ಬಲಗೈಯವು.

ಪೆಟ್ಟಿಗೆಯಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ನೋಡಿದೆ. ಆಮೇಲೆ ಒಂದು ಗವಸನ್ನು ಒಳಮೈ ಹೊರಗೆ ಬರುವಂತೆ ತಿರುವಿದೆ. ಬಲಗೈ ಗವಸು ಎಡಗೈ ಗವಸಾಯಿತು. ಭಾಗ್ಯಮ್ಮನಿಗೆ ತೊಡಿಸಿದರೆ ಬಿಗಿಯಾಗಿ ಕೂತಿತು. ನನಗೆ ಬಹಳ ಸಂತೋಷವಾಯಿತು. ಆಡಳಿತ ವೈದ್ಯಾಧಿಕಾರಿಗಳನ್ನು ಕರೆದು ತೋರಿಸಿದೆ.

"ಪರವಾಗಿಲ್ವೇ ಸಿಸ್ಟರ್! ನಾನು ಪೆಟ್ಟಿಗೆ ವಾಪಸ್ ಕಳಿಸೋದು ಹೇಗಪ್ಪಾ ಅಂತಿದ್ದೆ. ಇದನ್ನ ಒಂದು ಪುಟದ ವರದಿ ಮಾಡಿ ಕೊಡಿ, ಮೇಲಕ್ಕೆ ಕಳಿಸ್ತೀನಿ" ಎಂದರು.

ಸೇವೆಯಲ್ಲಿ ನನ್ನನ್ನು ಹೊಗಳಿದ್ದು ಅದೇ ಮೊದಲು. ಅಂದೇ ಕುಳಿತು ವರದಿ ಬರೆದೆ. 'ಪ್ರಯೋಗವು ಯಶಸ್ವಿಯಾಗಿದ್ದು, ರೋಗಿಯು ತೃಪ್ತಿ ವ್ಯಕ್ತಪಡಿಸಿರುತ್ತಾರೆ' ಎಂದು ಮುಗಿಸಿದೆ. ಗವಸು ತೊಡಿಸಿ ಆಗಿನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಮುಂದಿನ ವಾರ ಭಾಗ್ಯಮ್ಮ ಬಂದಾಗ ಕೊಠಡಿಯ ಹೊರಗೆ ಸಾಲು ದೊಡ್ಡದಿತ್ತು.

"ಸಿಸ್ಟ್ರಮ್ಮ, ಮೊದ್ಲಿಂದು ಇಂಗಿರ್ಲಿಲ್ಲ. ಇದು ಬೆಳ್ಳಿನ ಪಕ್ಕದಲ್ಲಿ ಕಚ್ತದೆ."

"ಹಳೇದು ಸಡಿಲ ಆಗಿತ್ತಲ್ಲ, ಅದಕ್ಕೇ ಗೊತ್ತಾಗ್ತಿರಲಿಲ್ಲ. ಹೊಸದು ಬಿಗಿ ಇದೆ, ಸಹಿಸ್ಕೋ."

"ಬಿಚ್ಚಿದ್ರೆ ಗೆರೆ ಬಿದ್ದಿರ್ತವೆ. ಒಸಿ ನೋಡಿ."

"ಲಂಗದ ಲಾಡಿ ಬಿಗಿಯಾದರೂ ಗೆರೆ ಬೀಳುತ್ತೆ. ಅದಕ್ಕೆ ಯಾರಾದ್ರೂ ಆಸ್ಪತ್ರೆಗೆ ಬರ್ತಾರಾ?"

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಭಾಗ್ಯಮ್ಮನೂ ನಕ್ಕಳು. "ಆಯ್ತು ಬುಡಿ, ಕಚ್ಲಿ, ಬೆಳ್ಳು ಉಳುದ್ರೆ ಸಾಕು" ಎಂದು ಸೆರಗು ಸರಿಮಾಡಿಕೊಂಡು ಹೊರಟಳು. ಗವಸನ್ನು ಬಿಚ್ಚಿ ನೋಡಲು ನನಗೆ ಎರಡು ನಿಮಿಷ ಸಾಕಾಗಿತ್ತು. ನಾನು ನೋಡಲಿಲ್ಲ.

ಇಲ್ಲಿ ತಮಗೆ ಒಂದು ವಿವರಣೆ ಅಗತ್ಯ. ಇಂಥ ಗವಸುಗಳನ್ನು ಹೊಲಿಗೆಯ ಅಂಚು ಹೊರಗಿರುವಂತೆ ಹೊಲಿಯುತ್ತಾರೆ. ಚರ್ಮಕ್ಕೆ ತಾಗುವ ಕಡೆ ನುಣುಪಾಗಿರಬೇಕು. ಗವಸನ್ನು ತಿರುವಿದಾಗ ಆ ಅಂಚುಗಳೆಲ್ಲ ಒಳಗೆ ಬಂದವು. ಕಸಿ ಮಾಡಿದ ಎಳೆಯ ಚರ್ಮದ ಮೇಲೆ, ಬೆರಳುಗಳ ಪಕ್ಕದಲ್ಲಿ, ಹಗಲೂ ರಾತ್ರಿ ಕೂತು ಒತ್ತಿದವು. ಅಂಚಿದ್ದಲ್ಲಿ ವಿಪರೀತ ಒತ್ತಡ, ಅಂಚಿನ ಆಚೀಚೆ ಒತ್ತಡವೇ ಇಲ್ಲ.

ಆಮೇಲೆ ಒಂದು ತಿಂಗಳು ಆಕೆ ಬರಲಿಲ್ಲ. ಲಂಗದ ಲಾಡಿಯ ಮಾತು ಕೇಳಿದ ಮೇಲೆ ಯಾವ ಹೆಂಗಸು ಅದೇ ದೂರು ಹಿಡಿದು ಮತ್ತೆ ಬರುತ್ತಾಳೆ? ಬಂದ ದಿನ ನಾನೇ ಗವಸು ಬಿಚ್ಚಿದೆ. ಉಂಗುರ ಬೆರಳಿನ ಮತ್ತು ಕಿರುಬೆರಳಿನ ಉದ್ದಕ್ಕೂ ಚರ್ಮ ಸೀಳಿ ಒಸರುತ್ತಿತ್ತು. ಸೀಳುಗಳ ನಡುವೆ ಕಲೆ ಗದ್ದೆಯ ಬದುವಿನಂತೆ ಕೆಂಪಗೆ, ಗಟ್ಟಿಯಾಗಿ ಎದ್ದಿತ್ತು. ಬೆರಳುಗಳು ಮತ್ತೆ ಅಂಗೈಯ ಕಡೆಗೆ ತಿರುಗಿದ್ದವು.

ನಾನು ಗವಸನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದುದನ್ನು ಆಕೆ ಕೋಪವೆಂದು ತಿಳಿದಳು.

"ನಾನು ಬಿಚ್ಚಿಲ್ಲ ಕಣಮ್ಮ, ದೇವ್ರಾಣೆಗೂ. ನೀರ್ಗೆ, ಎಣ್ಣೆಗೆ ಅಷ್ಟೇಯ ಬಿಚ್ಚಿದ್ದು. ನಮ್ಮನೆಯೋರು ಬಿಚ್ಚಾಕು ಅಂದ್ರು, ನಾನೇ ಬುಡ್ಲಿಲ್ಲ. ಸಿಸ್ಟ್ರಮ್ಮ ಬೋಯ್ತರೆ ಅಂದೆ."

ಅವಳ ಗಂಡ ಹೇಳಿದ್ದು ಸರಿಯಾಗಿತ್ತು. ಗವಸನ್ನು ಮೇಜಿನ ಮೇಲೆ ಎಸೆದು ಹೋಗುವಂಥ ಹೆಂಗಸಾಗಿದ್ದರೆ ಆ ಹೊಲಿಗೆಗಳಿಂದಲಾದರೂ ಭಾಗ್ಯಮ್ಮ ಪಾರಾಗುತ್ತಿದ್ದಳು. ನಾನು ಹೇಳಿದ್ದನ್ನು ನಂಬಿದ್ದರಿಂದ ಅವಳ ಕೈ ಕೆಟ್ಟಿತು.

ಅಂದೇ ಆಡಳಿತ ವೈದ್ಯಾಧಿಕಾರಿಗಳ ಬಳಿಗೆ ಹೋಗಿ, ತಿರುವಿದ ಗವಸು ಹಾನಿಕರವೆಂದೂ ಎಡಗೈಯದು ಕೂಡಲೇ ಬೇಕೆಂದೂ ತಿಳಿಸಿದೆ.

"ಏನ್ರೀ ಸಿಸ್ಟರ್, ಮೊನ್ನೆ ಯಶಸ್ವಿ ಅಂತ ನೀವೇ ಬರೆದು ಕೊಟ್ಟಿದ್ದೀರಿ. ನಾನು ಸಹಿ ಹಾಕಿ ಕಳಿಸಿದ್ದೀನಿ. ಈಗ ಯಶಸ್ವಿ ಅಲ್ಲ ಅಂದ್ರೆ ನನ್ನ ಮುಖ ಎಲ್ಲಿಟ್ಕೊಳ್ಳಲಿ?"

"ಸರ್, ಹೆಂಗಸಿನ ಬೆರಳು ಹೋಗ್ತವೆ."

"ಹಾಗಾದರೆ ಬರವಣಿಗೆಯಲ್ಲಿ ಕೊಡಿ."

ಕೊಟ್ಟೆ. ಗಾಯ ಒಣಗುವವರೆಗೆ ಯಾವ ಗವಸನ್ನೂ ಹಾಕುವಂತಿರಲಿಲ್ಲ, ಒಣಗಿದ ಮೇಲೆ ಹಾಕಲು ಗವಸಿರಲಿಲ್ಲ. ಎರಡನೆಯ ಪತ್ರ ಬರೆದೆ. ಮೂರನೆಯದಾಗಿ ಜ್ಞಾಪನ ಬರೆದೆ. ಬೆಂಗಳೂರಿಗೆ ಹೋಗೆಂದು ಅವಳಿಗೆ ಹೇಳುವ ಬದಲು, ಇಂದೋ ನಾಳೆಯೋ ಬರುತ್ತದೆ ಎನ್ನುತ್ತಾ ಬಂದೆ. ಕಡೆಗೊಂದು ಉತ್ತರ ಬಂದಿತು. ಉಲ್ಲೇಖದಲ್ಲಿ ನನ್ನದೇ ವರದಿ ಇತ್ತು. ಸದರಿ ವರದಿಯಂತೆ ಬಲಗೈ ಗವಸನ್ನು ಎಡಗೈಗೂ ಬಳಸಬಹುದಾಗಿರುವುದರಿಂದ, ಹಾಗೂ ದಾಸ್ತಾನು ಉಳಿದಿರುವುದರಿಂದ, ಹೊಸ ಬೇಡಿಕೆಯನ್ನು ಪರಿಗಣಿಸಲು ಬರುವುದಿಲ್ಲ ಎಂಬುದು ಅದರ ಸಾರಾಂಶ. ಜೊತೆಗೊಂದು ಸುತ್ತೋಲೆಯ ಪ್ರತಿ. ಗವಸು ತಿರುವಿ ಬಳಸುವ ಕ್ರಮವನ್ನು ಇತರ ಆಸ್ಪತ್ರೆಗಳೂ ಅನುಸರಿಸುವಂತೆ ಅದರಲ್ಲಿ ಸೂಚಿಸಲಾಗಿತ್ತು.

ಆ ಸುತ್ತೋಲೆಯನ್ನು ಎರಡು ಸಲ ಓದಿದೆ. ಎಷ್ಟು ಕೈಗಳಿಗೆ ತಿರುವಿ ಹಾಕಿದರೋ, ಎಷ್ಟು ಜನ 'ಕಚ್ತದೆ' ಎಂದರೋ, ಯಾವ ಸಿಸ್ಟರ್ ಏನು ತಮಾಷೆ ಮಾಡಿ ಕಳುಹಿಸಿದರೋ ತಿಳಿಯದು. ರದ್ದುಪಡಿಸಲು ಕೋರಿ ಬರೆದೆ. ಉತ್ತರ ಬರುವ ಮೊದಲೇ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಅದೇ ಅಧಿಕಾರಿಗಳು ಶಾಲು ಹೊದಿಸಿ, ಗವಸಿನ ವಿಷಯವನ್ನೇ ಎತ್ತಿ ನನ್ನ ಜಾಣ್ಮೆಯನ್ನು ಕೊಂಡಾಡಿದರು. ನಾನು ಕೈಮುಗಿದು ಕುಳಿತುಕೊಂಡೆ. ಎದ್ದು ನಿಂತು ಹೇಳಬಹುದಾಗಿತ್ತು. ಎದುರಿಗೆ ಹೊಸ ಶುಶ್ರೂಷಕಿಯರೆಲ್ಲ ಇದ್ದರು.

ಆ ಸುತ್ತೋಲೆ ರದ್ದಾಗಿರುವ ಬಗ್ಗೆ ಈವರೆಗೆ ನನಗೆ ಮಾಹಿತಿ ಇಲ್ಲ.

ನಿವೃತ್ತಿಯ ನಂತರ ಒಂದು ಮಧ್ಯಾಹ್ನ ಚನ್ನಪಟ್ಟಣದಲ್ಲಿ ರವಿಕೆ ಹೊಲಿಯುವ ಟೈಲರ್ ಒಬ್ಬರ ಬಳಿ ಹಿಗ್ಗುವ ಬಟ್ಟೆಯನ್ನೂ ಭಾಗ್ಯಮ್ಮನ ಹಳೆಯ ಅಳತೆ ಚೀಟಿಯನ್ನೂ ಹಿಡಿದು ಹೋದೆ. ಗವಸು ಯಾವುದಕ್ಕೆಂದು ವಿವರಿಸಿದೆ. ಅವರು ಪೆನ್ಸಿಲನ್ನು ಕಿವಿಯಿಂದ ತೆಗೆದು ಕೇಳಿದ ಮೊದಲ ಪ್ರಶ್ನೆ: "ಗಾಯದ್ ಕೈಗೆ ಅಂತೀರಿ. ಒಲ್ಗೆ ಒಳಕ್ ಬರ್ಬೇಕಾ, ಹೊರಕ್ಕಾ ಮೇಡಮ್ಮೋರೇ?"

ನಮ್ಮ ಇಲಾಖೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಸಂಜೆಯೊಳಗೆ ಗವಸು ಕೈಗೆ ಬಂದಿತು. ರಾಮನಗರದ ನಮ್ಮ ಆಸ್ಪತ್ರೆಯ ಎದುರು ರಸ್ತೆಯಲ್ಲಿಯೇ ಇಂಥ ಮೂವರು ಟೈಲರುಗಳಿದ್ದರು. ಮೂರು ಪತ್ರ ಬರೆದ ಅವಧಿಯಲ್ಲಿ ಒಮ್ಮೆಯಾದರೂ ರಸ್ತೆ ದಾಟಬೇಕೆಂದು ನನಗೆ ತೋಚಲಿಲ್ಲ.

ಮರುದಿನ ಕಾರ್ಖಾನೆಗೆ ಹೋದೆ. ಭಾಗ್ಯಮ್ಮ ಬಾಗಿಲ ಬಳಿಯ ಮೂಲೆಯಲ್ಲಿ ಇಬ್ಬರು ಮುದುಕಿಯರೊಂದಿಗೆ ಕುಳಿತು ಗೂಡು ಆರಿಸುತ್ತಿದ್ದಳು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಅಯ್ಯೋ, ಸಿಸ್ಟ್ರಮ್ಮ! ಬನ್ನಿ ಬನ್ನಿ. ಇವ್ರೇ ಕಣಜ್ಜಿ, ನನ್ ಕೈ ನೋಡ್ಕಂತಿದ್ದೋರು."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಹೇಳಬೇಕಾದದ್ದನ್ನು ಹೇಳಿದೆ. ಕಲೆ ಉಬ್ಬಿದ್ದು ಅವಳ ದೇಹದ ಗುಣದಿಂದಲ್ಲ, ಗ್ರಹಚಾರದಿಂದಲೂ ಅಲ್ಲ, ನಾನು ತಿರುವಿ ತೊಡಿಸಿದ ಗವಸಿನಿಂದ ಎಂದೆ. ಬೆಂಗಳೂರಿನಲ್ಲಿ ಮತ್ತೊಮ್ಮೆ ಬೆರಳು ಬಿಡಿಸಬಹುದು, ನಾನೇ ಜೊತೆಗೆ ಬಂದು ಇರುತ್ತೇನೆ ಎಂದೆ.

"ಆಮ್ಯಾಕೆ ಗ್ಲೌಸ್ ಆಕ್ಕಬೇಕಾ?"

"ಹಾಕಿಕೊಳ್ಳಬೇಕು. ಒಂದು ವರ್ಷ."

"ಅಂಗಾದ್ರೆ ಬ್ಯಾಡ ಬುಡಿ."

ಚೀಲದಿಂದ ಹೊಸ ಗವಸನ್ನು ತೆಗೆದು ಕೊಟ್ಟೆ. ಅವಳು ಬಲಗೈಯ ಎರಡು ಬೆರಳನ್ನು ಅದರೊಳಗೆ ತೂರಿಸಿ ಪಕ್ಕದಿಂದ ಪಕ್ಕಕ್ಕೆ ಸವರಿದಳು. ಎಳೆ ಹುಡುಕುವ ಬೆರಳುಗಳವು, ಅವುಗಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಹೊರಗಿನ ಅಂಚನ್ನು ಮುಟ್ಟಿ ನೋಡಿದಳು. ಮತ್ತೆ ಒಳಗೆ ಸವರಿದಳು.

"ಇಷ್ಟೇಯಾ ಸಿಸ್ಟ್ರಮ್ಮ?" ಎಂದಳು.

ಗವಸಿನ ಬಾಯಿ ಅಗಲಿಸಿ ನನ್ನ ಕಡೆಗೆ ಹಿಡಿದಳು.

"ಇದ್ನೇ ಯೋಳಿದ್ದಲ್ವಾ ನಾನು, ಆವತ್ತು?"

"ಹೌದು. ನೀನು ಇದನ್ನೇ ಹೇಳಿದ್ದೆ."

ಒಬ್ಬ ಮುದುಕಿ ಗೂಡು ಆರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಭಾಗ್ಯಮ್ಮ ಗವಸನ್ನು ನೀಟಾಗಿ ಮಡಚಿ ನನ್ನ ಕೈಗೇ ಕೊಟ್ಟಳು. "ಇನ್ಯಾರ್ಗಾದ್ರೂ ಆಯ್ತದೆ, ತಕ್ಕೊಂಡೋಗಿ" ಎಂದು ಕುಳಿತು ಮೊರ ಎಳೆದುಕೊಂಡಳು.

ಆದ್ದರಿಂದ, ಮಾನ್ಯರೇ, ತಮ್ಮಲ್ಲಿ ಕೋರುವುದಿಷ್ಟು. ಗಾಯದ ಮೇಲೆ ಹಾಕಿದ ಯಾವುದನ್ನಾದರೂ ರೋಗಿಯು 'ಕಚ್ತದೆ' ಎಂದರೆ, ಸಾಲು ಎಷ್ಟೇ ದೊಡ್ಡದಿರಲಿ, ಅದನ್ನು ಬಿಚ್ಚಿ ನೋಡುವುದು. ನೋಡಿದ ಮೇಲೆ ಗದರಬೇಕಾದರೆ ಗದರಬಹುದು. ಸದರಿ ಸುತ್ತೋಲೆಯ ಪ್ರತಿ ತಮ್ಮ ಕೊಠಡಿಯ ಕಡತದಲ್ಲಿ ಕಂಡುಬಂದಲ್ಲಿ, ಅದರ ಮೂಲ ವರದಿ ಸುಳ್ಳೆಂದು ಅದನ್ನು ಬರೆದವಳೇ ತಿಳಿಸಿದ್ದಾಳೆಂದು ಅಂಚಿನಲ್ಲಿ ಷರಾ ಬರೆಯುವುದು.

ಭಾಗ್ಯಮ್ಮ ಹಿಂದಿರುಗಿಸಿದ ಗವಸನ್ನು ರಾಮನಗರದ ಡ್ರೆಸ್ಸಿಂಗ್ ಕೊಠಡಿಯ ಮೇಜಿನ ಮೇಲೆ ಇಟ್ಟು ಬಂದಿದ್ದೇನೆ. ಅದು ದಾಸ್ತಾನು ಪುಸ್ತಕದಲ್ಲಿ ಸೇರಿಲ್ಲ. ಅದು ಎಡಗೈಯದು. ಬಲಗೈಯವರು ಯಾರಾದರೂ ಬಂದಲ್ಲಿ, ದಯವಿಟ್ಟು ಅದನ್ನು ತಿರುವಬಾರದೆಂದು ಪ್ರಾರ್ಥಿಸುತ್ತೇನೆ.